ಭಾವಚಿತ್ರವೆಂಬ ಮಾತು: ಛಾಯಾಗ್ರಹಣದಲ್ಲಿ ಪ್ರತಿಭೆಯ ವಿಚಾರ

೧

ನಮ್ಮ ನಾಡಿನ ಕಚೇರಿಗಳಲ್ಲಿ ದೊರೆಯುವ ಅರ್ಜಿಯ ಹಾಳೆಗಳ ಮೂಲೆಯಲ್ಲಿ ಒಂದು ಚಿಕ್ಕ ಚೌಕವಿರುವುದನ್ನೂ, ಅದರೊಳಗೆ ಭಾವಚಿತ್ರವನ್ನು ಅಂಟಿಸಬೇಕೆಂದು ಅಚ್ಚಾಗಿರುವುದನ್ನೂ ಎಲ್ಲರೂ ಕಂಡಿರುವರು. ಅಲ್ಲಿ ಅಂಟಿಸತಕ್ಕ ಚಿತ್ರವೆಂಥದು? ಮುಖವು ನೇರವಾಗಿರಬೇಕು, ಹಿನ್ನೆಲೆಯು ಬಿಳಿದಾಗಿರಬೇಕು, ನಗೆಯು ಕೂಡದು, ತಲೆಯು ಓರೆಯಾಗಕೂಡದು. ಎಂದರೆ, ಯಾವ ಭಾವವೂ ಮುಖದಲ್ಲಿ ಸುಳಿಯದಂತೆ ತೆಗೆದ ಚಿತ್ರಕ್ಕೆ ನಾವು ಭಾವಚಿತ್ರವೆಂದು ಹೆಸರಿಟ್ಟಿದ್ದೇವೆ. ರೂಢಿಯು ಯೋಗಾರ್ಥವನ್ನು ಮೀರಿ ನಡೆಯುವುದು ಲೋಕದಲ್ಲಿ ಹೊಸದಲ್ಲ; ಆದುದರಿಂದ ಇದನ್ನು ತಪ್ಪೆಂದು ಹೇಳಲು ನಾನು ಹೊರಟಿಲ್ಲ. ಆದರೆ ಈ ಮಾತಿಗೆ ಕನ್ನಡನಾಡಿನಲ್ಲಿಯೇ ಸುಮಾರು ಒಂಬೈನೂರು ವರ್ಷಗಳ ಹಿಂದೆ ಖಚಿತವಾದ ಒಂದು ಶಾಸ್ತ್ರೀಯಾರ್ಥವಿದ್ದಿತೆಂಬುದನ್ನು ನೆನೆದಾಗ ವಿಚಾರಕ್ಕೆ ಎಡೆಯುಂಟಾಗುತ್ತದೆ.

ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು, ಎಂದರೆ ಭೂಲೋಕಮಲ್ಲನು, ಕ್ರಿ. ಶ. ೧೧೩೦ರ ಆಸುಪಾಸಿನಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥವು ಅಭಿಲಷಿತಾರ್ಥಚಿಂತಾಮಣಿಯೆಂದೂ ಪ್ರಸಿದ್ಧವಾಗಿದೆ. ಅದರ ಚಿತ್ರಪ್ರಕರಣದಲ್ಲಿ ಚಿತ್ರಗಳ ವಿಭಾಗವೊಂದುಂಟು. ಕನ್ನಡಿಯಲ್ಲಿ ಮೂಡುವ ಬಿಂಬದಂತೆ ವಸ್ತುವಿನ ಸಾದೃಶ್ಯವನ್ನು ಹೊಂದಿರುವುದು ವಿದ್ಧಚಿತ್ರ. ಬರೆಯಬೇಕೆಂಬ ಬುದ್ಧಿಯು ಹಠಾತ್ತಾಗಿ ಹುಟ್ಟಿ, ಆಕಾರಮಾತ್ರ ಸಿದ್ಧಿಸುವಂತೆ ಬರೆದುದು ಅವಿದ್ಧಚಿತ್ರ. ನೋಡಿದೊಡನೆಯೇ ಶೃಂಗಾರಾದಿ ರಸಗಳು ತೋರಿ ಮನಸ್ಸಿಗೆ ಕೌತುಕವನ್ನುಂಟುಮಾಡುವುದು ಭಾವಚಿತ್ರ. ರಸಚಿತ್ರ ಧೂಳಿಚಿತ್ರಗಳೆಂಬ ಬೇರೆ ಎರಡು ಭೇದಗಳು ಬಣ್ಣದ ದ್ರವ್ಯವನ್ನು ಅನುಸರಿಸಿ ಹೇಳಿದವುಗಳಾದುದರಿಂದ ಪ್ರಕೃತಕ್ಕೆ ಬೇಕಾಗಿಲ್ಲ.

ಈ ವಿಭಾಗದಂತೆ ನೋಡಿದರೆ ಕ್ಯಾಮರಾದಿಂದ ತೆಗೆದ ಪಟವು ಯಾವ ವರ್ಗಕ್ಕೆ ಸೇರುತ್ತದೆ? ಅದು ವಿದ್ಧಚಿತ್ರವೆಂಬುದರಲ್ಲಿ ಸಂಶಯವಿಲ್ಲ. ಕನ್ನಡಿಯ ಬಿಂಬವನ್ನೇ ಹಿಡಿದು ನಿಲ್ಲಿಸಿದಂತಿರುವುದರಿಂದ ವಿದ್ಧಚಿತ್ರಗಳಲ್ಲೆಲ್ಲ ಅದೇ ಮುಖ್ಯವಾದುದೆಂದರೂ ಸಲ್ಲುವುದು. ಆದರೆ ಅದು ಭಾವಚಿತ್ರವೂ ಆಗಬಲ್ಲುದೇ? ಅಲಂಕಾರಶಾಸ್ತ್ರವನ್ನು ಪಾಠಹೇಳುತ್ತ ಬಂದ ನಾನು ಬಹುಕಾಲ ಈ ಪ್ರಶ್ನೆಗೆ ಆಗಲಾರದೆಂದೇ ಉತ್ತರಕೊಡುತ್ತಿದ್ದೆನು. ಕವಿಗೆ ಪ್ರತಿಭೆಯುಂಟು, ಚಿತ್ರಕಾರನಿಗೆ ಕೈಯುಂಟು, ಛಾಯಾಗ್ರಾಹಕನಿಗೆ ಇರುವುದು ಯಂತ್ರವೊಂದೇ ಎಂಬುದು ನನ್ನ ವಾದವಾಗಿದ್ದಿತು. ಈಗ ಆ ವಾದವನ್ನು ಹಿಂದೆಗೆದುಕೊಳ್ಳಬೇಕಾಗಿ ಬಂದಿದೆ. ಹಾಗೆ ಬಂದುದಕ್ಕೆ ಕಾರಣವು ಛಾಯಾಗ್ರಹಣದ ಇತಿಹಾಸವೇ ಆಗಿರುವುದರಿಂದ, ಅದನ್ನು ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಸಂಗ್ರಹವಾಗಿ ಪರಿಶೀಲಿಸುವೆನು.

೨

ಮೊದಲು ಪೂರ್ವಪಕ್ಷ. ಫ್ರಾನ್ಸ್ ದೇಶದ ನೀಸೆಫೋರ್ ನಿಯೆಪ್ಸನು ೧೮೨೬-೨೭ರಲ್ಲಿ ತನ್ನ ಮನೆಯ ಕಿಟಕಿಯಿಂದ ಕಾಣುವ ಮಾಡುಗಳನ್ನೂ ಗೋಡೆಗಳನ್ನೂ ಬಿಟುಮೆನ್ ಲೇಪಿಸಿದ ಲೋಹದ ಫಲಕದ ಮೇಲೆ ಮೂಡಿಸಿದನು. ಫಲಕದ ಮೇಲೆ ಬಹು ಗಂಟೆಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ, ಸೂರ್ಯನು ಪೂರ್ವದಿಂದ ಪಶ್ಚಿಮಕ್ಕೆ ಸರಿದು ಎದುರುಬದುರಾದ ಎರಡು ಗೋಡೆಗಳೂ ಬೆಳಗಿದಂತೆ ಆ ಚಿತ್ರದಲ್ಲಿ ಕಾಣುತ್ತದೆ. ಮನುಷ್ಯನ ಕಣ್ಣು ಯಾವ ಕ್ಷಣದಲ್ಲಿಯೂ ಕಾಣದ ದೃಶ್ಯವಿದು. ಕನ್ನಡಿಯಂತೆ ನಿಷ್ಕ್ರಿಯವೆಂದು ಹೇಳುವ ಈ ಉಪಕರಣವು ತನ್ನ ಮೊದಲನೆಯ ಕೃತಿಯಲ್ಲಿಯೇ ಕನ್ನಡಿಯು ಮಾಡಲಾರದುದನ್ನು ಮಾಡಿತೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ನಿಯೆಪ್ಸನೊಡನೆ ಪಾಲುಗಾರನಾಗಿದ್ದ ದಾಗೆರ್‌ ಎಂಬುವನು ಆಮೇಲೆ ಸಾಧಿಸಿದ ಬೆಳ್ಳಿಫಲಕದ ವಿಧಾನವನ್ನು ೧೮೩೯ನೆಯ ಆಗಸ್ಟ್ ೧೯ರಂದು ಪ್ಯಾರಿಸಿನ ವಿದ್ವತ್ಸಭೆಯಲ್ಲಿ ಆರಾಗೋ ಎಂಬ ವಿಜ್ಞಾನಿಯು ಲೋಕಕ್ಕೆ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ಟನು ಬೇರೆಯಾಗಿಯೇ ಕಾಗದದ ಮೇಲೆ ಬಿಂಬವನ್ನು ನಿಲ್ಲಿಸುವ ದಾರಿಯನ್ನು ಕಂಡುಹಿಡಿದನು. ಇವನ ಪ್ರಯತ್ನದ ಮೂಲವು ಸ್ವಾರಸ್ಯವಾದುದು. ೧೮೩೩ರಲ್ಲಿ ಇಟಲಿಯ ಕೋಮೋ ಸರೋವರದ ದಡದಲ್ಲಿ ಕುಳಿತು, ನೋಟವನ್ನು ಕಾಗದದ ಮೇಲೆ ತೋರಿಸುವ ಒಂದು ಉಪಕರಣದ ನೆರವಿನಿಂದ ಚಿತ್ರ ಬರೆಯಲು ಯತ್ನಿಸಿ, ಕೈ ಸಾಗದೆ ಸೋತನು. ಬಿಂಬವು ತಾನಾಗಿಯೇ ಕಾಗದದಲ್ಲಿ ಅಂಟಿಕೊಳ್ಳುವಂತಿದ್ದರೆ ಎಂಬ ಆಸೆಯು ಆಗ ಹುಟ್ಟಿತು. ಚಿತ್ರ ಬರೆಯಬಾರದವನ ಕೊರಗಿನಿಂದ ಹುಟ್ಟಿದ ವಿದ್ಯೆಯೆಂಬ ಅಪವಾದವು ಛಾಯಾಗ್ರಹಣಕ್ಕೆ ಅಂಟಿಕೊಂಡುದಕ್ಕೆ ಇದೂ ಒಂದು ನೆಪವಾಯಿತು.

ಈ ಅಪವಾದವನ್ನು ಅತ್ಯಂತ ತೀಕ್ಷ್ಣವಾಗಿ ಹೇಳಿದವನು ಫ್ರೆಂಚ್ ಕವಿ ಬೋದಿಲೇರನು. ೧೮೫೯ರ ಪ್ಯಾರಿಸ್ ಚಿತ್ರಪ್ರದರ್ಶನವನ್ನು ಕುರಿತು ಬರೆದ ವಿಮರ್ಶೆಯಲ್ಲಿ ಅವನು, ಛಾಯಾಗ್ರಹಣವು ಶಾಸ್ತ್ರಗಳಿಗೂ ಕಲೆಗಳಿಗೂ ದಾಸಿಯಾಗಿ ಇರತಕ್ಕದ್ದೆಂದೂ, ಕಲ್ಪನೆಯ ಪ್ರಾಂತಕ್ಕೆ ಕಾಲಿಡಲು ಅದಕ್ಕೆ ಅಧಿಕಾರವಿಲ್ಲವೆಂದೂ ನಿರ್ಣಯಿಸಿದನು. ನಾದಾರ್ ಎಂಬ ಪ್ರಸಿದ್ಧ ಛಾಯಾಗ್ರಾಹಕನು ತೆಗೆದ ಚಿತ್ರಗಳಿಂದಲೇ ಈ ಕವಿಯ ಮುಖವನ್ನು ನಾವು ಇಂದು ಬಲ್ಲೆವೆಂಬುದು ಬೇರೆಯ ಮಾತು.

ಪೂರ್ವಪಕ್ಷವನ್ನು ಶಾಸ್ತ್ರದ ಕ್ರಮದಲ್ಲಿ ಮೂರು ಆಕ್ಷೇಪಗಳಾಗಿ ವಿಂಗಡಿಸಬಹುದು. ಒಂದನೆಯದು ಕರ್ತೃತ್ವದ ಆಕ್ಷೇಪ: ಚಿತ್ರವನ್ನು ಬರೆದುದು ಬೆಳಕು, ಮನುಷ್ಯನಲ್ಲ. ಎರಡನೆಯದು ವಿವೇಕದ ಆಕ್ಷೇಪ: ಯಂತ್ರವು ಎದುರಿಗಿದ್ದುದೆಲ್ಲವನ್ನೂ ಸಮವಾಗಿ ಹಿಡಿಯುವುದರಿಂದ ಅದಕ್ಕೆ ಗ್ರಹಣತ್ಯಾಗಗಳಿಲ್ಲ. ಮೂರನೆಯದು ಅಪೂರ್ವತೆಯ ಆಕ್ಷೇಪ: ಮೊದಲೇ ಇದ್ದ ವಸ್ತುವನ್ನು ತೋರಿಸುವುದರಲ್ಲಿ ಹೊಸ ನಿರ್ಮಾಣವೆಂಬುದು ಯಾವುದು?

೩

ಈ ಆಕ್ಷೇಪಗಳಿಗೆ ಛಾಯಾಗ್ರಾಹಕರು ಮೊದಲು ಕೊಟ್ಟ ಉತ್ತರವು ದುರ್ಬಲವಾದುದು. ಚಿತ್ರಕಾರನ ಕೆಲಸವನ್ನೇ ತಾವೂ ಮಾಡಿ ತೋರಿಸುವೆವೆಂದು ಅವರು ಹೊರಟರು. ಸ್ವೀಡನ್ನಿನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಆಸ್ಕರ್ ರೈಲಾಂಡರನು ೧೮೫೭ರಲ್ಲಿ, ಮೂವತ್ತಕ್ಕೂ ಮೇಲ್ಪಟ್ಟ ನೆಗೆಟಿವ್‌ಗಳನ್ನು ಒಂದರ ಪಕ್ಕಕ್ಕೊಂದನ್ನು ಹೊಂದಿಸಿ, ಧರ್ಮಮಾರ್ಗ ಭೋಗಮಾರ್ಗಗಳೆರಡನ್ನೂ ತೋರಿಸುವ ಒಂದು ದೊಡ್ಡ ಚಿತ್ರವನ್ನು ರಚಿಸಿದನು. ಮ್ಯಾಂಚೆಸ್ಟರಿನ ಪ್ರದರ್ಶನದಲ್ಲಿ ಅದನ್ನಿಟ್ಟಾಗ ವಿಕ್ಟೋರಿಯಾ ರಾಣಿಯು ಒಂದು ಪ್ರತಿಯನ್ನು ಕೊಂಡಳು. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ನನು ಐದು ನೆಗೆಟಿವ್‌ಗಳನ್ನು ಕೂಡಿಸಿ, ಕ್ಷಯದಿಂದ ಸಾಯುತ್ತಿರುವ ತರುಣಿಯೊಬ್ಬಳ ಸುತ್ತ ಬಂಧುಗಳು ಕುಳಿತಿರುವ ಚಿತ್ರವನ್ನು ಮಾಡಿದನು. ಅದರಲ್ಲಿ ಕಾಣುವ ಹುಡುಗಿಯು ರೋಗಿಯಲ್ಲ. ಆ ಪಾತ್ರವನ್ನು ಅಭಿನಯಿಸಿದವಳು.

ಇವು ಶ್ರಮದ ಕೃತಿಗಳೆಂಬುದನ್ನು ಒಪ್ಪಬೇಕು. ಆದರೆ ಇಲ್ಲಿ ಕರುಣರಸವು ವೇಷದಿಂದಲೂ ಕತ್ತರಿಯಿಂದಲೂ ಸಿದ್ಧವಾಯಿತೇ ಹೊರತು ಬೆಳಕಿನಿಂದ ಸಿದ್ಧವಾಗಲಿಲ್ಲ. ಮಹಾಕಾವ್ಯದ ಲಕ್ಷಣಗಳೆಂದು ಶಾಸ್ತ್ರದಲ್ಲಿ ಹೇಳಿರುವ ಅಷ್ಟಾದಶ ವರ್ಣನೆಗಳನ್ನೆಲ್ಲ ಪಟ್ಟಿಹಾಕಿ ತುಂಬಿದವನು ಮಹಾಕವಿಯಾಗದಂತೆ, ಚಿತ್ರಪಟದ ಅಂಗವಿನ್ಯಾಸವನ್ನು ಅನುಕರಿಸಿದ ಛಾಯಾಗ್ರಾಹಕನು ಅದರಿಂದಲೇ ಕಲಾವಿದನಾಗಲಾರನು. ಆಕ್ಷೇಪಕನು ಕೇಳಿದುದು ಛಾಯಾಗ್ರಹಣದಲ್ಲಿ ಕಲೆಯೆಲ್ಲಿದೆ ಎಂದು. ಇವರು ತೋರಿಸಿದುದು ಛಾಯಾಗ್ರಹಣವನ್ನು ಮರೆಮಾಡಿದರೆ ಕಲೆಯಾದೀತೆಂದು. ಇದು ಉತ್ತರವಲ್ಲ, ಆಕ್ಷೇಪದ ಅಂಗೀಕಾರವೇ.

೪

ಇದೇ ಕಾಲದಲ್ಲಿ, ಕಲಕತ್ತೆಯಲ್ಲಿ ೧೮೧೫ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಎಂಬ ಮಹಿಳೆಗೆ, ೧೮೬೩ರ ಕೊನೆಯಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ, ಮಗಳೂ ಅಳಿಯನೂ ಒಂದು ಕ್ಯಾಮರಾವನ್ನು ಕಾಣಿಕೆಯಾಗಿ ಕೊಟ್ಟರು. ಆಕೆಯು ಇಂಗ್ಲೆಂಡಿಗೆ ಸೇರಿದ ವೈಟ್ ದ್ವೀಪದ ತನ್ನ ಮನೆಯಲ್ಲಿ ಕೋಳಿಗಳ ಗೂಡನ್ನೇ ಗಾಜಿನ ಸ್ಟುಡಿಯೋ ಆಗಿ ಮಾರ್ಪಡಿಸಿ, ಮನೆಯ ಸೇವಕಿಯರನ್ನೂ ನೆಂಟರನ್ನೂ ಕವಿಗಳನ್ನೂ ವಿಜ್ಞಾನಿಗಳನ್ನೂ ಕೂರಿಸಿ ಚಿತ್ರ ತೆಗೆಯಲಾರಂಭಿಸಿದಳು. ಮುಖವು ಫಲಕವನ್ನು ತುಂಬುವಷ್ಟು ಸಮೀಪಕ್ಕೆ ಹೋಗುತ್ತಿದ್ದಳು. ಫೋಕಸನ್ನು ಹೊಂದಿಸುವಾಗ, ಕಣ್ಣಿಗೆ ಸುಂದರವೆಂದು ತೋರಿದ ಎಡೆಯಲ್ಲಿಯೇ ನಿಲ್ಲಿಸಿ, ಇನ್ನೂ ಹರಿತವಾಗಲೆಂದು ಮುಂದುವರಿಸುತ್ತಿರಲಿಲ್ಲ. ಅಂದಿನ ಪ್ರವೀಣರು ಇದನ್ನು ಕೈಲಾಗದವರ ಕೆಲಸವೆಂದು ಹಳಿದರು. ೧೮೬೭ರಲ್ಲಿ ಆಕೆಯು ತೆಗೆದ ಜಾನ್ ಹರ್ಷೆಲನ ಚಿತ್ರವನ್ನು ನೋಡಿದವರಿಗೆ ಆ ಹಳಿವಿನ ಬೆಲೆಯು ತಿಳಿಯುತ್ತದೆ. ಕತ್ತಲೆಯಿಂದ ಎದ್ದುಬರುವ ಆ ವೃದ್ಧಜ್ಯೋತಿಷಿಯ ಕೆದರಿದ ಬಿಳಿಗೂದಲೂ, ದೂರವನ್ನು ನೋಡಿ ನೋಡಿ ದಣಿದ ಕಣ್ಣುಗಳೂ ಅದ್ಭುತಕ್ಕೂ ಶಾಂತಕ್ಕೂ ನಡುವಣ ಒಂದು ಭಾವವನ್ನು ಹೊರಸೂಸುತ್ತವೆ.

ಇಲ್ಲಿ ಎರಡನೆಯ ಆಕ್ಷೇಪವು, ಎಂದರೆ ಗ್ರಹಣತ್ಯಾಗಗಳಿಲ್ಲವೆಂಬುದು, ಬಿದ್ದುಹೋಗುತ್ತದೆ. ಎಲ್ಲವನ್ನೂ ಸಮವಾಗಿ ಹಿಡಿಯಬೇಕೆಂಬುದು ಯಂತ್ರದ ಸ್ವಭಾವವಲ್ಲ. ಅದನ್ನು ಹಿಡಿದವರ ಅಭ್ಯಾಸ. ಎಲ್ಲಿ ನಿಲ್ಲಬೇಕು, ಯಾವುದನ್ನು ಕತ್ತಲೆಗೆ ಬಿಡಬೇಕು, ಯಾವುದನ್ನು ಮಸುಕಾಗಿಸಬೇಕು ಎಂಬ ಪ್ರತಿಯೊಂದು ನಿರ್ಣಯವೂ ವಿವೇಕವೇ ಆಗಿದೆ. ವಾತ್ಸ್ಯಾಯನನ ಕಾಮಸೂತ್ರಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರದ ಆರು ಅಂಗಗಳನ್ನು ಎಣಿಸುವಾಗ ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳೆಂದು ಹೇಳಿದ್ದಾನೆ. ಸಾದೃಶ್ಯವು ಇವುಗಳಲ್ಲಿ ಒಂದು ಮಾತ್ರ, ಅದೂ ಐದನೆಯದು. ಯಂತ್ರವು ರೂಪಭೇದ ಪ್ರಮಾಣಗಳನ್ನೂ ಹೋಲಿಕೆಯನ್ನೂ ತಾನೇ ತಂದುಕೊಟ್ಟರೂ, ಭಾವಲಾವಣ್ಯಗಳ ಯೋಜನೆಯು ಅದನ್ನು ಹಿಡಿದವನ ಪಾಲಿಗೆ ಹಾಗೆಯೇ ಉಳಿದಿದೆಯೆಂಬುದನ್ನು ಕ್ಯಾಮರೂನಳ ಕೃತಿಗಳು ಸಾರುತ್ತವೆ.

೫

ಇನ್ನು ಈ ಇತಿಹಾಸದಲ್ಲಿ ನನ್ನನ್ನು ಬಹಳವಾಗಿ ಕಾಡಿದ ಒಬ್ಬ ವ್ಯಕ್ತಿಯ ವಿಷಯಕ್ಕೆ ಬರುವೆನು. ಪೀಟರ್ ಹೆನ್ರಿ ಎಮರ್ಸನ್ನನು ವೈದ್ಯ. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಜೌಗುನೆಲಗಳಲ್ಲಿ ಜೊಂಡು ಕೊಯ್ಯುವವರನ್ನೂ ದೋಣಿಯವರನ್ನೂ ಚಿತ್ರಿಸಿದವನು. ೧೮೮೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ರಾಬಿನ್ಸನ್ನನ ಕತ್ತರಿಕೆಲಸವನ್ನು ಕಟುವಾಗಿ ಖಂಡಿಸಿ, ಛಾಯಾಗ್ರಹಣವು ತನ್ನ ಸ್ವಭಾವವನ್ನು ಬಿಡದೆಯೇ ಸ್ವತಂತ್ರವಾದ ಕಲೆಯಾಗಬಲ್ಲುದೆಂದು ಸಾಧಿಸಿದನು. ಆದರೆ ಬೇಗನೆ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ರಸಾಯನಜ್ಞರು ೧೮೯೦ರಲ್ಲಿ ಪ್ರಕಟಿಸಿದ ಸಂಶೋಧನೆಯು ಅವನ ಕೈಸೇರಿತು. ಫಲಕದ ಮೇಲೆ ಬಿದ್ದ ಬೆಳಕಿಗೂ ಅಲ್ಲಿ ಮೂಡುವ ಕಪ್ಪಿಗೂ ಇರುವ ಸಂಬಂಧವು ಗಣಿತದಂತೆ ನಿಯತವಾಗಿರುವುದೆಂದೂ, ಛಾಯಾಗ್ರಾಹಕನು ಕತ್ತಲೆಕೋಣೆಯಲ್ಲಿ ಅದನ್ನು ತನ್ನ ಇಚ್ಛೆಯಂತೆ ಬದಲಿಸಲಾರನೆಂದೂ ಅವರು ತೋರಿಸಿದ್ದರು. ಎಮರ್ಸನ್ನನು ಕೂಡಲೆ ಒಂದು ಕಿರುಹೊತ್ತಗೆಯನ್ನು ಅಚ್ಚುಹಾಕಿಸಿ, ತನ್ನ ಸಿದ್ಧಾಂತವು ಸತ್ತಿತೆಂದೂ, ಛಾಯಾಗ್ರಹಣವು ಕಲೆಯಲ್ಲವೆಂದೂ ಬಹಿರಂಗವಾಗಿ ಹೇಳಿಬಿಟ್ಟನು.

ತನ್ನ ಗ್ರಂಥದ ಮಸಿಯು ಆರುವುದರೊಳಗೆ ತನ್ನ ಮಾತನ್ನು ತಾನೇ ಹಿಂದೆಗೆದುಕೊಳ್ಳುವ ಪ್ರಾಮಾಣಿಕತೆಯು ವಿದ್ವಾಂಸರಲ್ಲಿ ಸುಲಭವಾಗಿ ಕಾಣುವುದಲ್ಲ. ಆದರೂ ಅವನ ಹೊಸ ನಿರ್ಣಯವು ಸರಿಯಲ್ಲವೆಂದು ನನಗೆ ತೋರುತ್ತದೆ. ಉಪಕರಣಕ್ಕೆ ನಿಯಮವುಂಟೆಂದ ಮಾತ್ರಕ್ಕೆ ಕರ್ತೃವಿಗೆ ಸ್ವಾತಂತ್ರ್ಯವಿಲ್ಲವೆಂಬುದು ಅವನ ಯುಕ್ತಿ. ಛಂದಸ್ಸಿನ ಗಣಗಳು ನಿಯತವಾದವು. ಮಂದಾಕ್ರಾಂತದ ಗುರುಲಘುಗಳನ್ನು ಕಾಳಿದಾಸನೂ ಬದಲಿಸಲಾರನು. ಅದರಿಂದ ಮೇಘದೂತವನ್ನು ಬರೆದುದು ಛಂದಸ್ಸೆಂದು ಹೇಳುವುದುಂಟೆ? ವೈಯಾಕರಣರ ಮತದಂತೆ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ, ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದುದು ಕರಣ. ಕೊಡಲಿಯು ಮರವನ್ನು ಕಡಿಯುತ್ತದೆಯೆಂದು ವಿವಕ್ಷೆಯಿಂದ ಹೇಳಬಹುದಾದರೂ ಮರವು ಬಿದ್ದುದರ ಹೊಣೆಯು ಕೊಡಲಿಗೆ ಬರುವುದಿಲ್ಲ. ಬೆಳಕೂ ಲೆನ್ಸೂ ಫಲಕವೂ ಕರಣಗಳು. ಕರಣದ ನಿಯಮವನ್ನು ಬಲ್ಲವನೇ ಕುಶಲನಾದ ಕರ್ತೃ. ಹೀಗೆ ಮೊದಲನೆಯ ಆಕ್ಷೇಪಕ್ಕೂ ಸಮಾಧಾನವಾಯಿತು.

೬

ಉಳಿದುದು ಮೂರನೆಯ ಆಕ್ಷೇಪ, ಇದೇ ಪ್ರಬಲವಾದುದು. ಇದ್ದ ವಸ್ತುವನ್ನು ಇದ್ದಂತೆ ತೋರಿಸುವುದರಲ್ಲಿ ಪ್ರತಿಭೆಗೆ ಕೆಲಸವೇನು? ಈ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಕಾವ್ಯದ ವಿಷಯದಲ್ಲಿ ಆಗಲೇ ಎದುರಿಸಿದ್ದಾರೆ. ವಕ್ರೋಕ್ತಿಜೀವಿತಕಾರನಾದ ಕುಂತಕನ ಅಭಿಪ್ರಾಯದಲ್ಲಿ, ಕವಿಗಳು ಇಲ್ಲದ ವಸ್ತುಗಳನ್ನು ಹುಟ್ಟಿಸುವವರಲ್ಲ. ಬರಿಯ ಇರವಿನಿಂದ ತೋರುತ್ತಿರುವ ಪದಾರ್ಥಗಳಲ್ಲಿ ಸಹೃದಯರ ಮನಸ್ಸನ್ನು ಸೆಳೆಯುವ ಒಂದು ಅತಿಶಯವನ್ನು ತೋರಿಸುವವರು. ಅಭಿನವಗುಪ್ತನ ಗುರುವಾದ ಭಟ್ಟತೌತನ ಕಾವ್ಯಕೌತುಕವು ಇಂದು ಲಭ್ಯವಿಲ್ಲ. ಆದರೆ ಹೇಮಚಂದ್ರನು ಉಳಿಸಿಕೊಟ್ಟಿರುವ ಅವನ ವಚನಗಳಿಂದ ದರ್ಶನ ವರ್ಣನಗಳೆಂಬ ಎರಡು ಮೆಟ್ಟಿಲುಗಳ ವಿಚಾರವು ತಿಳಿಯುತ್ತದೆ. ವಸ್ತುವಿನ ತತ್ತ್ವವನ್ನು ಕಂಡವನು ಋಷಿ. ಕಂಡುದನ್ನು ವರ್ಣಿಸಿದಾಗಲೇ ಅವನು ಕವಿ. ಆದಿಕವಿಗೆ ದರ್ಶನವು ನಿತ್ಯವಾಗಿದ್ದರೂ ವರ್ಣನವು ಉದಯಿಸುವವರೆಗೆ ಲೋಕವು ಅವನನ್ನು ಕವಿಯೆನ್ನಲಿಲ್ಲ.

ಛಾಯಾಗ್ರಹಣಕ್ಕೆ ಇದನ್ನು ಅನ್ವಯಿಸಿದರೆ ತೊಡಕು ಬಿಡಿಸಿಕೊಳ್ಳುತ್ತದೆ. ಇದಕ್ಕೆ ಅಮೆರಿಕದ ಆನ್ಸೆಲ್ ಆಡಮ್ಸನ ಅನುಭವವು ಒಳ್ಳೆಯ ನಿದರ್ಶನ. ೧೯೨೭ನೆಯ ಏಪ್ರಿಲ್ ೧೦ರಂದು ಅವನು ಭಾರವಾದ ಕ್ಯಾಮರಾವನ್ನೂ ಗಾಜಿನ ಫಲಕಗಳನ್ನೂ ಹೊತ್ತು, ಯೊಸೆಮಿಟಿ ಕಣಿವೆಯಲ್ಲಿ ಹಾಫ್ ಡೋಮ್ ಎಂಬ ಬೃಹತ್ತಾದ ಕಲ್ಲಿನ ಬೆಟ್ಟದ ಎದುರಿಗೆ ಹತ್ತಿಹೋದನು. ಕೊನೆಗೆ ಅವನಲ್ಲಿ ಉಳಿದುದು ಎರಡೇ ಫಲಕಗಳು. ವಾಡಿಕೆಯಂತೆ ಹಳದಿ ಗಾಜನ್ನು ಲೆನ್ಸಿನ ಮುಂದಿಟ್ಟು ಒಂದನ್ನು ಮುಗಿಸಿದ ಮೇಲೆ, ಚಿತ್ರವು ಸರಿಯಾಗಿಯೇ ಬರುವುದಾದರೂ ಆ ಬಂಡೆಯ ಮುಂದೆ ನಿಂತಾಗ ತನಗಾದ ಗಾಂಭೀರ್ಯದ ಅನುಭವವು ಅದರಲ್ಲಿ ಬರಲಾರದೆಂಬುದು ಅವನಿಗೆ ಹೊಳೆಯಿತು. ಒಡನೆ ಗಾಢವಾದ ಕೆಂಪು ಗಾಜನ್ನಿಟ್ಟು ಕೊನೆಯ ಫಲಕವನ್ನು ಬೆಳಕಿಗೊಡ್ಡಿದನು. ಕೆಂಪು ಗಾಜು ಆಕಾಶದ ನೀಲವನ್ನು ತಡೆಯುವುದರಿಂದ, ಮಧ್ಯಾಹ್ನದ ಆಕಾಶವು ಚಿತ್ರದಲ್ಲಿ ಕರ್ಗತ್ತಲೆಯಾಗಿ, ಅದರೆದುರು ಬಂಡೆಯು ಒಂಟಿಯಾಗಿ ಎದ್ದು ನಿಂತಿತು. ಮುಗಿದ ಚಿತ್ರವನ್ನು ಮೊದಲೇ ಮನಸ್ಸಿನಲ್ಲಿ ಕಂಡು ಆಮೇಲೆ ಉಪಕರಣವನ್ನು ಅದಕ್ಕೆ ಹೊಂದಿಸುವ ಈ ಕ್ರಮವನ್ನೇ ಅವನು ಮುಂದೆ ಶಾಸ್ತ್ರವಾಗಿ ಬೋಧಿಸಿದನು. ಅವನು ಮೊದಲು ಪಿಯಾನೋ ವಾದನವನ್ನು ಕಲಿತವನು. ನೆಗೆಟಿವ್ ಎಂಬುದು ರಾಗದ ಲಿಪಿಯಂತೆ, ಪ್ರಿಂಟು ಅದನ್ನು ನುಡಿಸಿದಂತೆ ಎಂಬುದು ಅವನು ಕೊಡುತ್ತಿದ್ದ ಉಪಮಾನ.

ಬೆಟ್ಟವು ಅಲ್ಲಿಯೇ ಇದ್ದಿತು; ಆಕಾಶವನ್ನು ಅವನು ಸೃಷ್ಟಿಸಲಿಲ್ಲ. ಎರಡು ಫಲಕಗಳಿಗೂ ವಸ್ತುವು ಒಂದೇ, ಯಂತ್ರವು ಒಂದೇ, ಆ ದಿನದ ಬೆಳಕೂ ಒಂದೇ. ನಡುವೆ ಕಳೆದ ಕೆಲವು ನಿಮಿಷಗಳಲ್ಲಿ ಹುಟ್ಟಿದುದು ದರ್ಶನ. ಕೆಂಪು ಗಾಜನ್ನು ಆರಿಸಿದುದು ವ್ಯುತ್ಪತ್ತಿ. ಕೈ ತಪ್ಪದಂತೆ ಕೆಲಸ ನಡೆದುದು ಅಭ್ಯಾಸ. ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರು ಬೇರೆ ಬೇರೆ ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣವೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಹೇಳಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಪಾಠದಲ್ಲಿ ಕೊಡುವುದು ಕಷ್ಟ.

೭

ಆದರೂ ಒಂದು ಶಂಕೆಯು ಉಳಿಯಬಹುದು. ಬೆಟ್ಟವು ತಾನೇ ಗಂಭೀರವಾದುದು. ಹರ್ಷೆಲನು ತಾನೇ ತೇಜಸ್ವಿ. ಚಿತ್ರದ ಸೊಗಸು ವಸ್ತುವಿನಿಂದಲೇ ಬಂದಿರಬಾರದೇಕೆ? ಇದೇ ಶಂಕೆಯನ್ನು ನ್ಯೂಯಾರ್ಕಿನ ಆಲ್‌ಫ್ರೆಡ್ ಸ್ಟೀಗ್ಲಿಟ್ಸನೂ (೧೮೬೪–೧೯೪೬) ಎದುರಿಸಬೇಕಾಯಿತು. ಇವನು ೧೯೦೨ರಲ್ಲಿ ಛಾಯಾಗ್ರಾಹಕರ ಒಂದು ಬಳಗವನ್ನು ಕಟ್ಟಿ, ೧೯೦೩ರಿಂದ ೧೯೧೭ರವರೆಗೆ 'ಕ್ಯಾಮರಾ ವರ್ಕ್' ಎಂಬ ಪತ್ರಿಕೆಯನ್ನು ನಡೆಸಿ, ಛಾಯಾಗ್ರಹಣಕ್ಕೆ ಕಲೆಗಳ ಪಂಕ್ತಿಯಲ್ಲಿ ಸ್ಥಾನವನ್ನು ದೊರಕಿಸುವುದಕ್ಕಾಗಿ ಜೀವನವನ್ನೇ ಸವೆಸಿದವನು. ೧೮೯೩ರ ಫೆಬ್ರವರಿಯಲ್ಲಿ ಹಿಮದ ಬಿರುಗಾಳಿಯಲ್ಲಿ ಮೂರು ಗಂಟೆಗಳ ಕಾಲ ಬೀದಿಯಲ್ಲಿ ನಿಂತು, ಗಾಡಿಯೊಂದು ಎದುರಿಗೆ ಬರುವ ಸರಿಯಾದ ಕ್ಷಣಕ್ಕಾಗಿ ಕಾದವನು. ಇವನ ಚಿತ್ರಗಳ ಬಲವೆಲ್ಲ ಎದುರಿಗೆ ಕುಳಿತವರನ್ನು ಮರುಳುಮಾಡುವ ಶಕ್ತಿಯಿಂದ ಬಂದುದೆಂದು ಒಬ್ಬ ಲೇಖಕನು ಬರೆದಾಗ ಸ್ಟೀಗ್ಲಿಟ್ಸನಿಗೆ ನೋವಾಯಿತು. ಅವನು ಮಾತಿನಿಂದ ಉತ್ತರ ಕೊಡಲಿಲ್ಲ. ೧೯೨೨ರಿಂದ ಮೋಡಗಳ ಚಿತ್ರಗಳನ್ನು ತೆಗೆಯತೊಡಗಿದನು. ಮೋಡಕ್ಕೆ ಮರುಳು ಹಾಕುವಂತಿಲ್ಲ. ಅದು ಎಲ್ಲರ ತಲೆಯ ಮೇಲೆಯೂ ಇರುವುದು. ಅದಕ್ಕೆ ಯಾರೂ ತೆರಿಗೆ ಕೊಡಬೇಕಾಗಿಲ್ಲ. ಅಂಗೈಯಗಲದ ಈ ಚಿತ್ರಗಳಲ್ಲಿ ಹಲವಕ್ಕೆ ನೆಲವೂ ಇಲ್ಲ, ದಿಗಂತವೂ ಇಲ್ಲ; ಯಾವ ಕಡೆ ಮೇಲು, ಯಾವ ಕಡೆ ಕೆಳಗೆಂಬುದೂ ತಿಳಿಯದು. ೧೯೨೫ರಿಂದ ಅವನು ಇವುಗಳಿಗೆ 'ಈಕ್ವಿವಲೆಂಟ್ಸ್' ಎಂದು, ಎಂದರೆ ತನ್ನ ಅಂತರಂಗದ ಅನುಭವಕ್ಕೆ ಸಮಾನವಾದ ರೂಪಗಳೆಂದು, ಹೆಸರಿಟ್ಟನು.

ಈ ಸಂದರ್ಭದಲ್ಲಿ ಭಾರತೀಯ ಕಲಾಮೀಮಾಂಸೆಗೂ ಛಾಯಾಗ್ರಹಣಕ್ಕೂ ನೇರವಾದ ಒಂದು ಸಂಪರ್ಕವು ಏರ್ಪಟ್ಟಿತೆಂಬುದನ್ನು ನಮ್ಮ ಸಾಹಿತ್ಯವಿದ್ಯಾರ್ಥಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ೧೯೨೪ರಲ್ಲಿ ಬಾಸ್ಟನ್ ನಗರದ ಕಲಾಸಂಗ್ರಹಾಲಯವು ಸ್ಟೀಗ್ಲಿಟ್ಸನ ಇಪ್ಪತ್ತೇಳು ಛಾಯಾಚಿತ್ರಗಳನ್ನು ಕಲಾಕೃತಿಗಳೆಂದೇ ಸ್ವೀಕರಿಸಿತು. ಅಮೆರಿಕದ ಸಂಗ್ರಹಾಲಯಗಳಲ್ಲಿ ಹೀಗೆ ಮಾಡಿದ ಮೊದಲಿನವುಗಳಲ್ಲಿ ಅದು ಒಂದು. ಅದಕ್ಕೆ ಕಾರಣನಾದವನು ಅಲ್ಲಿ ಭಾರತೀಯ ಕಲಾವಸ್ತುಗಳ ಪಾಲಕನಾಗಿದ್ದ ಆನಂದ ಕುಮಾರಸ್ವಾಮಿ. ಇದೇ ಕುಮಾರಸ್ವಾಮಿಯು ೧೯೩೪ರಲ್ಲಿ ಪ್ರಕಟಿಸಿದ, ಕಲೆಯಲ್ಲಿ ಪ್ರಕೃತಿಯ ರೂಪಾಂತರವನ್ನು ಕುರಿತ ಗ್ರಂಥದಲ್ಲಿ, ಸಾದೃಶ್ಯವೆಂಬ ಮಾತನ್ನು ವಸ್ತುವಿಗೂ ಚಿತ್ರಕ್ಕೂ ಇರುವ ಬರಿಯ ಹೋಲಿಕೆಯೆಂದು ತಿಳಿಯಬಾರದೆಂದೂ, ಒಳಗಿನ ಅರ್ಥಕ್ಕೂ ಹೊರಗಿನ ರೂಪಕ್ಕೂ ಇರತಕ್ಕ ಸಂವಾದವೆಂದು ತಿಳಿಯಬೇಕೆಂದೂ ಪ್ರತಿಪಾದಿಸಿದನು. ಒಬ್ಬರಿಂದೊಬ್ಬರು ಈ ವಿಚಾರವನ್ನು ಪಡೆದರೆಂದು ನಾನು ಹೇಳುವುದಿಲ್ಲ. ಆದರೆ ಮೋಡವನ್ನು ಹಿಡಿದವನು ಮುಟ್ಟಿದ ನೆಲೆಯೂ, ಶಾಸ್ತ್ರವನ್ನು ಹಿಡಿದವನು ಮುಟ್ಟಿದ ನೆಲೆಯೂ ಒಂದರ ಪಕ್ಕದಲ್ಲೊಂದಿವೆ. ಮೋಡವು ಅಚೇತನವೆಂಬುದನ್ನು ಮರೆಯದೆಯೇ ಅದರ ಕೈಯಲ್ಲಿ ಸಂದೇಶವನ್ನು ಕೊಟ್ಟ ಕವಿಯನ್ನು ಓದಿ ಬೆಳೆದ ನಮಗೆ ಇದು ಅಪರಿಚಿತವಾಗಬೇಕಾಗಿಲ್ಲ.

೮

ಇಷ್ಟರಿಂದ ವಿದ್ಧಚಿತ್ರವನ್ನು ದಾಟಿದರೆ ಮಾತ್ರ ಭಾವಚಿತ್ರವೆಂದು ಯಾರಾದರೂ ತಿಳಿದಾರು. ಹಾಗಲ್ಲವೆಂಬುದನ್ನು ತೋರಿಸಲು ಕನ್ನಡನಾಡಿನ ಒಂದು ಚಿತ್ರವನ್ನು ನೆನೆಯುವೆನು. ನಮ್ಮ ದೇವಾಲಯಗಳ ಮೇಲೆ ಕ್ಯಾಮರಾದ ದೃಷ್ಟಿಯು ಬಹಳ ಬೇಗ ಬಿದ್ದಿತು. ಲಿನಿಯಸ್ ಟ್ರೈಪನು ೧೮೫೪ರಲ್ಲಿ ಹಳೇಬೀಡು ಬೇಲೂರುಗಳನ್ನೂ, ಥಾಮಸ್ ಬಿಗ್ಸನು ೧೮೫೫ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆಗಳನ್ನೂ ಚಿತ್ರಿಸಿದರು. ೧೮೫೬ರಲ್ಲಿ ಮದರಾಸಿನ ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬುವನು ಮೇಣ ಹತ್ತಿಸಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಂಪೆಯನ್ನು ಹಿಡಿದನು. ಬಹುಕಾಲ ಮರೆಯಾಗಿದ್ದ ಅವು ೧೯೮೦ರಲ್ಲಿ ಮತ್ತೆ ಬೆಳಕಿಗೆ ಬಂದುವು. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸನು ಅದೇ ಎ‌ಡೆಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದನು.

ಗ್ರೀನ್‌ಲಾನ ವಿಠ್ಠಲದೇವಾಲಯದ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವು ಕಾಣುತ್ತದೆ. ಇಂದು ಆ ಶಿಖರವಿಲ್ಲ. ನಾನು ಈ ಚಿತ್ರದ ಪ್ರತಿಯನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ, ಶಿಖರವಿದ್ದಿತೆಂಬುದಕ್ಕೆ ಪ್ರಮಾಣವೆಂದಷ್ಟೆ ಹೇಳಿ ಮುಂದಕ್ಕೆ ಹೋಗುತ್ತಿದ್ದೆನು. ಒಂದು ದಿನ ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯು ಹಿಂದೆ ಉಳಿದು, ಆ ಚಿತ್ರವನ್ನೇ ಬಹಳ ಹೊತ್ತು ನೋಡುತ್ತಿದ್ದು, "ಗುರುಗಳೇ, ಇದನ್ನು ನೋಡಿದರೆ ಏಕೆ ದುಃಖವಾಗುತ್ತದೆ?" ಎಂದು ಕೇಳಿದಳು. ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳಬಲ್ಲೆನು. ಚಿತ್ರತುರಗನ್ಯಾಯದಲ್ಲಿ ಶಂಕುಕನು ಹೇಳುವ ಚಿತ್ರದ ಕುದುರೆಗೆ ಲೋಕದಲ್ಲಿ ಒಂದು ಕುದುರೆಯು ಇದ್ದೇ ಇರಬೇಕೆಂಬ ನಿಯಮವಿಲ್ಲ. ಛಾಯಾಚಿತ್ರದ ಶಿಖರಕ್ಕಾದರೋ ಆ ನಿಯಮವುಂಟು: ಅದು ಅಲ್ಲಿ ಇದ್ದಿತು; ಅದನ್ನು ಮುಟ್ಟಿದ ಬೆಳಕೇ ಈ ಕಾಗದವನ್ನೂ ಮುಟ್ಟಿತು. ಫ್ರೆಂಚ್ ಲೇಖಕ ರೋಲಾಂ ಬಾರ್ತ್‌ನು ೧೯೮೦ರಲ್ಲಿ, ತೀರಿಹೋದ ತಾಯಿಯ ಬಾಲ್ಯದ ಒಂದು ಪಟವನ್ನು ಮುಂದಿಟ್ಟುಕೊಂಡು ಬರೆದ ಪುಸ್ತಕದಲ್ಲಿ ಈ 'ಇದ್ದಿತು' ಎಂಬುದನ್ನೇ ಛಾಯಾಚಿತ್ರದ ಸಾರವೆಂದು ವಿವೇಚಿಸಿದನು. ಇದ್ದಿತೆಂಬ ನಿಶ್ಚಯವೂ ಇಲ್ಲವೆಂಬ ಜ್ಞಾನವೂ ಒಂದೇ ನೋಟದಲ್ಲಿ ಕೂಡಿದಾಗ ಶೋಕವು ಸಹಜವಾಗಿ ಏಳುತ್ತದೆ. ಗ್ರೀನ್‌ಲಾನಿಗೆ ಈ ಭಾವವು ಉದ್ದಿಷ್ಟವಾಗಿರಲಾರದು; ಅವನ ಕಾಲಕ್ಕೆ ಶಿಖರವು ಬಿದ್ದಿರಲಿಲ್ಲ. ಕಾಲವು ತಂದ ಆ ಭಾವವನ್ನು ಗ್ರಹಿಸಿದುದು ಆ ಹುಡುಗಿಯ ಪ್ರತಿಭೆ. ರಾಜಶೇಖರನು ಕವಿಯ ಕಾರಯಿತ್ರೀ ಪ್ರತಿಭೆಯೊಡನೆ ಸಹೃದಯನ ಭಾವಯಿತ್ರೀ ಪ್ರತಿಭೆಯನ್ನೂ ಹೇಳಿರುವುದು ಇಂಥ ಎಡೆಗಾಗಿಯೇ ಎಂದು ತೋರುತ್ತದೆ.

ಆದುದರಿಂದ ಛಾಯಾಚಿತ್ರದಲ್ಲಿ ವಿದ್ಧತ್ವವು ಭಾವಕ್ಕೆ ವಿರೋಧಿಯಲ್ಲ, ಆಶ್ರಯ. ಮೋಡದ ಚಿತ್ರವೂ ನಮ್ಮನ್ನು ಅಲುಗಿಸುವುದು ಅಂಥ ಮೋಡವೊಂದು ಒಂದು ದಿನ ನಿಜವಾಗಿ ಹಾಗೆಯೇ ಇದ್ದುದರಿಂದ. ಈ ಭೇದವನ್ನು ಇಂದು ಮರೆಯುವಂತಿಲ್ಲ. ೨೦೨೩ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ನನು ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಯೊಂದರಲ್ಲಿ ತನಗೆ ಬಂದ ಬಹುಮಾನವನ್ನು ನಿರಾಕರಿಸಿ, ತನ್ನ ಚಿತ್ರವು ಗಣಕಯಂತ್ರದ ಕೃತಕಬುದ್ಧಿಯಿಂದ ಹುಟ್ಟಿದುದೆಂದೂ, ಅದು ಛಾಯಾಚಿತ್ರಗಳೊಡನೆ ಸ್ಪರ್ಧಿಸತಕ್ಕುದಲ್ಲವೆಂದೂ ಹೇಳಿದನು. ನೋಟಕ್ಕೆ ಅದು ಹಳೆಯ ಕಾಲದ ಛಾಯಾಚಿತ್ರದಂತೆಯೇ ಇದ್ದಿತು; ತೀರ್ಪುಗಾರರೂ ಹಾಗೆಯೇ ಬಗೆದಿದ್ದರು. ಸೋಮೇಶ್ವರನ ಮಾತಿನಲ್ಲಿ ಹೇಳುವುದಾದರೆ, ಅದು ಆಕಾರಮಾತ್ರ ಸಿದ್ಧಿಸಿದ ಅವಿದ್ಧಚಿತ್ರ. ಅದಕ್ಕೂ ಒಂದು ಕಲೆಯಿರಬಹುದು. ಅದನ್ನು ನಾನು ನಿಷೇಧಿಸಲಾರೆನು. ಆದರೆ ಅದರ ಮುಂದೆ ನಿಂತು 'ಇದು ಇದ್ದಿತು' ಎಂದು ದುಃಖಿಸುವಂತಿಲ್ಲ.

ಫಲಿತಾರ್ಥವಿಷ್ಟು: ಛಾಯಾಗ್ರಹಣದಲ್ಲಿ ಪ್ರತಿಭೆಯ ಸ್ಥಾನವು ಕೈಯಲ್ಲಿಲ್ಲ, ದರ್ಶನದಲ್ಲಿದೆ, ಅದರ ವರ್ಣನವು ಇದ್ದ ವಸ್ತುವಿಗೆ ಬದ್ಧವಾಗಿದ್ದುಕೊಂಡೇ ನಡೆಯುವುದು, ಆ ಬದ್ಧತೆಯೇ ಅದರ ಭಾವಕ್ಕೆ ಬಲ. ಅರ್ಜಿಯ ಚೌಕದಲ್ಲಿ ಅಂಟಿಸುವ ಬಿಮ್ಮನೆಯ ಮುಖದ ಪಟಕ್ಕೂ, ಅದರಲ್ಲಿರುವ ವ್ಯಕ್ತಿಯು ಇಲ್ಲವಾದ ದಿನ, ಮನೆಯವರು ಕಟ್ಟುಹಾಕಿಸಿ ಹೂವೇರಿಸುತ್ತಾರೆ. ಆಗ ಅದನ್ನು ಭಾವಚಿತ್ರವಲ್ಲವೆಂದು ಯಾರು ಹೇಳಿಯಾರು? ಅರಿತೋ ಅರಿಯದೆಯೋ, ನಮ್ಮ ಜನರು ಇಟ್ಟ ಹೆಸರು ಪಂಡಿತನು ತಿಳಿದುದಕ್ಕಿಂತ ಹೆಚ್ಚು ಸಮಂಜಸವಾಗಿದೆಯೆಂದು ಒಪ್ಪಿ ಈ ಲೇಖನವನ್ನು ಮುಗಿಸುವೆನು.